ಕಿವಿಯ ವಂತಿಗೆ

ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಕ್ಕೆ ಚಂದಾ ಕೊಡದೆ ಹೆಬ್ಬಾಳದಲ್ಲಿ ಯಾರಾದರೂ ತಪ್ಪಿಸಿಕೊಂಡದ್ದುಂಟೇ? ರಸೀದಿ ಪುಸ್ತಕ ಹಿಡಿದ ಹುಡುಗರು ಗೇಟಿನಲ್ಲಿ ನಿಂತರೆ ಕೊಟ್ಟು ಕಳಿಸುವುದೇ ಕ್ಷೇಮ. ಆದರೆ ಪಿಟೀಲು, ಚೆಲ್ಲೋ ಹಿಡಿದ ಎಳೆಯರ ವಾದ್ಯವೃಂದ ಕೇಳುವ ವಂತಿಗೆಯನ್ನು ಕಿವಿಯಲ್ಲೇ ಕಟ್ಟಬೇಕು, ಅದೂ ದಿನಾ ಸಂಜೆ.

ಪಕ್ಕದ ಆರ್.ಟಿ. ನಗರದಲ್ಲಿ, ಅರುಣಾ ಸುಂದರಲಾಲ್ 1987ರಲ್ಲಿ ಹುಟ್ಟುಹಾಕಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಪಾಠ ಎಲ್ಲೇ ಆಗಲಿ, ಅಭ್ಯಾಸ ಮನೆಯಲ್ಲೇ ತಾನೆ! ಮೇಲ್ಮನೆಯಲ್ಲಿ ಪಿಟೀಲು ಶುರುವಾದರೆ ಕೆಳಮನೆಯ ಅಜ್ಜಿಗೆ ಕುಕ್ಕರ್ ಸೀಟಿಯ ಲೆಕ್ಕ ತಪ್ಪುತ್ತದೆ. ಬೇಳೆ ಕರಗಿ ಪಾಯಸವಾಗುತ್ತದೆ. ಆದರೂ ಮೆಟ್ಟಿಲಲ್ಲಿ ಸಿಕ್ಕರೆ, “ಚೆನ್ನಾಗಿ ಬರ್ತಿದೆ ಕಂದಾ, ಬಾಗಿಲು ಹಾಕ್ಕೊಂಡ್ರೆ ಇನ್ನೂ ಚೆನ್ನ” ಎನ್ನುತ್ತಾರೆ.

ಇಂಥ ಸಂಗೀತಕ್ಕೆ ದೊಡ್ಡ ಪೋಷಕರೂ ಇದ್ದರು: ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಸಂಯೋಜಕ ಮೆಟ್ನರ್ ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣವನ್ನೂ ಕೊಟ್ಟರು. ದೊಡ್ಡ ಮನಸ್ಸೇ ಸರಿ. ಆದರೆ ಮಹಾರಾಜರು ಪೋಷಿಸಿದ್ದು ಕಲಿತು ಮುಗಿಸಿದವರನ್ನು. ಕಲಿಯುತ್ತಿರುವವರನ್ನು ತಾರಸಿಯ ಕೆಳಗಿನಿಂದ ಪೋಷಿಸುವ ಅಜ್ಜಿಯ ದಾನ ಒಂದು ಕೈ ಮೇಲು.

ಮುಂದಿನ ಕಛೇರಿಯ ಆಹ್ವಾನ ಪತ್ರಿಕೆಯಲ್ಲಿ ಪ್ರಾಯೋಜಕರ ಹೆಸರಿನ ಮೇಲೆ, ದಪ್ಪಕ್ಷರದಲ್ಲಿ, ‘ಕೆಳಮನೆಯವರು’ ಎಂದು ಅಚ್ಚಾಗಲಿ. ಮೊದಲ ಸಾಲಿನ ಕುರ್ಚಿ ಬೇಡ ಎಂದರೆ ಮಾತ್ರ ಒತ್ತಾಯಿಸಬೇಡಿ. ಅವರು ಈಗಾಗಲೇ ಎಲ್ಲವನ್ನೂ ಕೇಳಿದ್ದಾರೆ.