ಶಿರಾಡಿಯ ರಾತ್ರಿ, ಬಾಲಿಯ ಟಿಕೆಟ್

ನಮ್ಮ ಎರಡು ಮನೆಗಳ ನಡುವೆ ಎದೆಮಟ್ಟದ ಮುರಕಲ್ಲಿನ ಪಾಗಾರ. ಬೆಳಿಗ್ಗೆ ಹೂ ಕೊಯ್ಯುವ ಹೊತ್ತಿಗೆ ಪಕ್ಕದ ಮನೆಯವಳು ಆ ಕಡೆ, ನಾನು ಈ ಕಡೆ. ಮೊನ್ನೆ ಅವಳ ಕೈಯಲ್ಲಿ ಹೂವಿನ ತಟ್ಟೆ ಇರಲಿಲ್ಲ, ಮೊಬೈಲು ಇತ್ತು.

"ಅಕ್ಕ, ಒಂದು ಹೇಳಿ. 38 ಸಾವಿರ ಉಳೀತದೆ. ಆದ್ರೆ ಅಗ್ಗದ ವಿಮಾನ. ಮಕ್ಕಳನ್ನು ಕಟ್ಟಿಕೊಂಡು ಹೋಗಬಹುದಾ?"

ದಸರಾ ರಜೆಗೆ ಇಂಡೋನೇಷ್ಯಾದ ಬಾಲಿಗೆ ಹೊರಟಿದ್ದಾರೆ. ಗಂಡ, ಹೆಂಡತಿ, ಏಳನೇ ಕ್ಲಾಸಿನ ಮಗಳು, ಅತ್ತೆ, ಒಂದೂವರೆ ವರ್ಷದ ಪುಟ್ಟ. ಮನೆಯವರೆಲ್ಲ ಒಟ್ಟಿಗೆ ದೇಶ ಬಿಟ್ಟು ಹೋಗುತ್ತಿರುವುದು ಇದೇ ಮೊದಲು. ನಮ್ಮ ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಹೊರಟು ಎರಡು ಕಡೆ ಇಳಿದು ಹತ್ತಿ ಹೋಗುವ ದೊಡ್ಡ ಕಂಪನಿಯ ಟಿಕೆಟ್ ಒಂದು. ಬೆಂಗಳೂರಿನಿಂದ ನೇರ ಹೋಗುವ ಕಡಿಮೆ ದರದ್ದು ಇನ್ನೊಂದು. ಎರಡನ್ನೂ ನೋಡಿ ನೋಡಿ ರಾತ್ರಿ ನಿದ್ದೆ ಬಂದಿಲ್ಲ ಎಂದಳು.

ಅವಳ ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಮಂಗಳೂರಿನವರು ವಿಮಾನದ ಮಾತೆತ್ತಿದರೆ 2010ರ ಮೇ 22 ಬಂದೇ ಬರುತ್ತದೆ. ಬೆಳಿಗ್ಗೆ ಆರರ ಹೊತ್ತು. ದುಬೈಯಿಂದ ಬಜ್ಪೆಗೆ ಬಂದ ವಿಮಾನ ರನ್‌ವೇ ದಾಟಿ ಗುಡ್ಡದಿಂದ ಕೆಳಗೆ ಬಿತ್ತು. 158 ಜನ ಹೋದರು, ಎಂಟೇ ಜನ ಉಳಿದರು. ಆಂಬುಲೆನ್ಸುಗಳು ಒಂದರ ಹಿಂದೊಂದು ವೆನ್‌ಲಾಕ್ ಆಸ್ಪತ್ರೆಗೆ ಓಡಿದ ಆ ದಿನದ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಕೂಳೂರಿನ ಹತ್ತಿರ ಫಲ್ಗುಣಿ ದಡದಲ್ಲಿ ಅವರ ಸ್ಮಾರಕ ಉಂಟು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಒಂದು ಕ್ಷಣ ಮಾತು ನಿಲ್ಲುತ್ತದೆ.

"ಅದೂ ಕಡಿಮೆ ದರದ್ದೇ ಅಲ್ವಾ ಅಕ್ಕ?"

ಹೌದು, ಕಡಿಮೆ ದರದ್ದೇ. ಆದರೆ ಅದು ಬಿದ್ದದ್ದು ಟಿಕೆಟ್ ಅಗ್ಗವಾಗಿತ್ತೆಂದು ಅಲ್ಲ. ಏರ್ ಮಾರ್ಷಲ್ ಗೋಖಲೆಯವರ ತನಿಖೆಯಲ್ಲಿ ಎಲ್ಲ ಹೊರಗೆ ಬಂತು. ಕ್ಯಾಪ್ಟನ್ ದಾರಿಯಲ್ಲಿ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು. ಗೊರಕೆಯ ಸದ್ದು ಧ್ವನಿಮುದ್ರಣದಲ್ಲೇ ಇತ್ತು. ನಿದ್ದೆಯಿಂದ ಎದ್ದವರ ಬುದ್ಧಿಗೆ ಸ್ವಲ್ಪ ಹೊತ್ತು ಮಂಪರು ಬಿಟ್ಟಿರುವುದಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎಷ್ಟೋ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಮುಗಿದ ಮೇಲೆ ಚಕ್ರ ನೆಲ ಮುಟ್ಟಿತು.

ಬೆಂಗಳೂರಿನದ್ದನ್ನೂ ನೆನಪು ಮಾಡಿದೆ. 1990ರ ಫೆಬ್ರವರಿ 14ರಂದು ಎಚ್‌ಎಎಲ್ ನಿಲ್ದಾಣದ ಪಕ್ಕದಲ್ಲೇ ವಿಮಾನ ಬಿದ್ದು 92 ಜನ ಸತ್ತರು. ಆಗ ನಮ್ಮ ದೇಶದಲ್ಲಿ ಅಗ್ಗದ ವಿಮಾನ ಎಂಬುದೇ ಇರಲಿಲ್ಲ. ಅದು ಸರಕಾರಿ ಕಂಪನಿಯ ಹೊಚ್ಚ ಹೊಸ ಏರ್‌ಬಸ್.

ದರ ಕಡಿಮೆಯಾಗುವುದು ಬೇರೆ ದಾರಿಯಿಂದ. ಒಂದೇ ಜಾತಿಯ ವಿಮಾನ ಇಟ್ಟುಕೊಂಡರೆ ಬಿಡಿಭಾಗ ಒಂದೇ ಬಗೆಯದ್ದು ಸಾಕು, ಪೈಲಟ್‌ಗಳ ತರಬೇತಿ ಒಂದೇ. ಸೀಟು ಒತ್ತೊತ್ತಾಗಿ. ಊಟಕ್ಕೆ ಬೇರೆ ದುಡ್ಡು, ಪೆಟ್ಟಿಗೆಗೆ ಬೇರೆ ದುಡ್ಡು. ಬಂದಿಳಿದ ವಿಮಾನ ಅರ್ಧ ಗಂಟೆಯೊಳಗೆ ಮತ್ತೆ ಹೊರಡಬೇಕು. ನಮ್ಮ ದೇಶದ ಕಂಪನಿಯಾದರೆ ಇಂಜಿನ್ ತಪಾಸಣೆಗೆ ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಇಟ್ಟ ನಿಯಮ ಅಗ್ಗದ್ದಕ್ಕೂ ಅದೇ, ದುಬಾರಿಯದ್ದಕ್ಕೂ ಅದೇ. ಯುರೋಪಿನ ರಯನೇರ್ ಕಡಿಮೆ ದರಕ್ಕೇ ಹೆಸರಾದದ್ದು. 1985ರಿಂದ ಹಾರುತ್ತಾ ಉಂಟು, ಅದರ ವಿಮಾನ ಬಿದ್ದು ಒಬ್ಬ ಪ್ರಯಾಣಿಕನೂ ಸತ್ತಿಲ್ಲ.

"ಇಂಡೋನೇಷ್ಯಾದ ವಿಮಾನಗಳನ್ನು ಯುರೋಪಿನವರು ಒಳಗೇ ಬಿಡುವುದಿಲ್ಲವಂತೆ" ಎಂದು ಅವಳ ಅತ್ತೆ ಜಗಲಿಯಿಂದ ಕೂಗಿ ಹೇಳಿದರು.

ಬಿಡುತ್ತಿರಲಿಲ್ಲ, ಅದು ನಿಜ. ಒಂದರ ಮೇಲೊಂದು ಅಪಘಾತ ಆದ ಮೇಲೆ 2007ರಲ್ಲಿ ಆ ದೇಶದ ಎಲ್ಲ ಕಂಪನಿಗಳನ್ನೂ ನಿಷೇಧದ ಪಟ್ಟಿಗೆ ಹಾಕಿದ್ದರು. ಪೂರ್ತಿ ತೆಗೆದದ್ದು 2018ರ ಜೂನಿನಲ್ಲಿ. ನನಗೆ ಆ ಪಟ್ಟಿಯ ಮೇಲೆ ಗೌರವ ಉಂಟು. ಟಿಕೆಟ್ ಎಷ್ಟು ಎಂದು ಅದು ಕೇಳುವುದಿಲ್ಲ, ಆ ದೇಶದಲ್ಲಿ ವಿಮಾನಗಳ ಮೇಲೆ ಕಣ್ಣಿಡುವವರು ಗಟ್ಟಿ ಇದ್ದಾರಾ ಎಂದು ಕೇಳುತ್ತದೆ. ನೇಪಾಳದ ಕಂಪನಿಗಳು 2013ರ ಕೊನೆಗೆ ಅದರಲ್ಲಿ ಸೇರಿದವು. 2022ರ ಮೇ ತಿಂಗಳಲ್ಲಿ ಪೊಖರಾದಿಂದ ಜೊಮ್‌ಸೊಮ್‌ಗೆ ಹೊರಟ ಸಣ್ಣ ವಿಮಾನ ಬೆಟ್ಟಕ್ಕೆ ಬಡಿದು 22 ಜನ ಹೋದಾಗಲೂ ಅವು ಆ ಪಟ್ಟಿಯಲ್ಲೇ ಇದ್ದವು. ಅತ್ತೆಗೆ ಮುಕ್ತಿನಾಥಕ್ಕೆ ಹೋಗುವ ಆಸೆ, ಅದಕ್ಕೂ ದಾರಿ ಅದೇ. ಆದ್ದರಿಂದ ಅವರಿಗೆ ಕೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: ದೂರದ ದೊಡ್ಡ ಹಾರಾಟಕ್ಕಿಂತ ಕೊನೆಯ ಸಣ್ಣ ಹಾರಾಟದ ಬಗ್ಗೆ ಹೆಚ್ಚು ವಿಚಾರಿಸಬೇಕು.

ಇಷ್ಟಾದ ಮೇಲೆ ನಾನು ಕೇಳಿದೆ, "ಬೆಂಗಳೂರಿಗೆ ಹೇಗೆ ಹೋಗ್ತೀರಿ?"

"ಕಾರಲ್ಲಿ. ಇವರು ಆಫೀಸು ಮುಗಿಸಿ ಬಂದು ಊಟ ಮಾಡಿ ಹೊರಡುವುದು. ಶಿರಾಡಿ ಘಾಟಿಯಲ್ಲಿ ರಾತ್ರಿ ಲಾರಿ ಬಿಟ್ರೆ ಬೇರೆ ಎಂತ ಇರ್ತದೆ? ಬೆಳಗಾಗುವ ಮೊದಲು ದೇವನಹಳ್ಳಿ."

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬೆಂಗಳೂರಿಗೇ 350 ಕಿಲೋಮೀಟರು, ವಿಮಾನ ನಿಲ್ದಾಣ ಅದರಿಂದಲೂ ಆಚೆ. ದಿನವಿಡೀ ದುಡಿದ ಮನುಷ್ಯ ಘಟ್ಟ ಹತ್ತಿ, ಸಕಲೇಶಪುರ, ಹಾಸನ ದಾಟಿ, ನೆಟ್ಟಗೆ ಚಾಚಿದ ಹೈವೇಗೆ ಬರುವಾಗ ರಾತ್ರಿ ಎರಡು ಮೂರು ಗಂಟೆ. ಮೈ ತಾನಾಗಿ ನಿದ್ದೆಗೆ ಜಾರುವ ಹೊತ್ತು ಅದು. ಹಿಂದಿನ ಸೀಟಿನಲ್ಲಿ ಎಲ್ಲರೂ ಮಲಗಿರುತ್ತಾರೆ, ಮಾತಾಡಿಸಲಿಕ್ಕೂ ಜನ ಇಲ್ಲ. 2022 ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ನಿದ್ದೆಗೆ ಜಾರಿದ ಕ್ಯಾಪ್ಟನ್ ಪಕ್ಕದಲ್ಲಿ ಒಬ್ಬ ಸಹಪೈಲಟ್ ಆದರೂ ಇದ್ದರು. ನಿನ್ನ ಗಂಡನ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳಿದೆ. ಅವಳು ಮಾತಾಡಲಿಲ್ಲ. ಸುಮ್ಮನೆ ದಾಸವಾಳದ ಎಲೆ ಚಿವುಟುತ್ತ ನಿಂತಳು.

ಪೈಲಟ್‌ಗಳಿಗೆ ವಾರಕ್ಕೆ 36 ಗಂಟೆ ಇದ್ದ ವಿಶ್ರಾಂತಿಯನ್ನು 48ಕ್ಕೆ ಏರಿಸಬೇಕೆಂದು ಡಿಜಿಸಿಎ 2024ರಲ್ಲಿ ನಿಯಮ ತಂದದ್ದು ಈ ನಿದ್ದೆಯ ಸಲುವಾಗಿಯೇ. ನಮ್ಮ ಮನೆಯ ಡ್ರೈವರಿಗೆ ಅಂಥ ನಿಯಮ ಮಾಡುವವರು ನಾವೇ. ರಾತ್ರಿ ರೈಲು ಉಂಟು, ಬಸ್ಸು ಉಂಟು. ಒಂದು ದಿನ ಮೊದಲೇ ಹೋಗಿ ಅವಳ ನಾದಿನಿಯ ಮನೆಯಲ್ಲಿ ಉಳಿಯಬಹುದು. ಬರುವಾಗಲೂ ಅಷ್ಟೆ, ಇಳಿದ ಕೂಡಲೇ ಸ್ಟೇರಿಂಗ್ ಹಿಡಿಯುವುದು ಬೇಡ.

ಇನ್ನೊಂದು ಮಾತು ಪುಟ್ಟನದ್ದು. ಎರಡು ವರ್ಷ ತುಂಬದ ಮಗುವಿಗೆ ಸೀಟು ಕೊಳ್ಳಬೇಕಾಗಿಲ್ಲ, ತೊಡೆಯ ಮೇಲೆ ಕೂರಿಸಿಕೊಂಡರೆ ಆಯಿತು. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ 1989ರ ಜುಲೈಯಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಇಂಜಿನ್ ಒಡೆದ ವಿಮಾನ ನೆಲಕ್ಕೆ ಅಪ್ಪಳಿಸುವ ಮೊದಲು, ತೊಡೆಯ ಮೇಲಿದ್ದ ಮಕ್ಕಳನ್ನು ಕಾಲಬುಡದಲ್ಲಿ ಮಲಗಿಸಿ ಹಿಡಿದುಕೊಳ್ಳಿ ಎಂದು ಹೇಳಬೇಕಾಯಿತು. ಅವರಲ್ಲಿ ಒಂದು ಮಗು ಉಳಿಯಲಿಲ್ಲ. ಆ ಮಾತು ಹೇಳಿದ ಹಿರಿಯ ಗಗನಸಖಿ, ಮಕ್ಕಳಿಗೂ ಸೀಟು ಬೇಕೆಂದು ಆಮೇಲೆ ವರ್ಷಗಟ್ಟಲೆ ಹೋರಾಡಿದರು. ಅಷ್ಟು ದೊಡ್ಡ ಅಪಘಾತವೇ ಆಗಬೇಕೆಂದಿಲ್ಲ. 2024ರ ಮೇ ತಿಂಗಳಲ್ಲಿ ಸಿಂಗಾಪುರ ಏರ್‌ಲೈನ್ಸ್‌ನ ವಿಮಾನ ಲಂಡನ್ನಿನಿಂದ ಬರುತ್ತಾ ಗಾಳಿಯ ಹೊಡೆತಕ್ಕೆ ಸಿಕ್ಕಿ ಒಮ್ಮೆಲೇ ಕುಸಿಯಿತು. ಬೆಲ್ಟ್ ಹಾಕದವರು ಚಾವಣಿಗೆ ಬಡಿದರು, ಒಬ್ಬರು ತೀರಿಕೊಂಡರು. ಅಷ್ಟು ಹೆಸರಿರುವ, ಅಷ್ಟು ದರ ಇರುವ ಕಂಪನಿ ಅದು. ಹನ್ನೊಂದು ಕಿಲೋದ ಮಗು ಆ ಕ್ಷಣ ಮೇಲಕ್ಕೆ ಚಿಮ್ಮಿದರೆ ಯಾವ ತಾಯಿಯ ಕೈಯೂ ತಡೆಯುವುದಿಲ್ಲ.

"ಉಳಿದ ದುಡ್ಡಲ್ಲಿ ಅವನಿಗೊಂದು ಸೀಟು ತಗೋ" ಎಂದೆ. "ಕಾರಿನ ಸೀಟನ್ನು ಅದಕ್ಕೆ ಕಟ್ಟಲಿಕ್ಕೆ ಬಿಡ್ತಾರಾ, ಅದರ ಅಗಲ ಸರಿಯಾಗ್ತದಾ ಅಂತ ಕಂಪನಿಯವರನ್ನು ಮೊದಲೇ ಕೇಳು."

ಸಂಜೆ ಗಂಡ ಹೆಂಡತಿ ಇಬ್ಬರೂ ಪಾಗಾರದ ಹತ್ತಿರ ಬಂದರು. ಅಗ್ಗದ ಟಿಕೆಟ್ಟೇ ತೆಗೆದಿದ್ದಾರೆ, ಪುಟ್ಟನಿಗೂ ಸೇರಿ ಐದು ಸೀಟು. ಹಿಂದಿನ ದಿನದ ರಾತ್ರಿ ರೈಲಿಗೂ ಬುಕ್ ಆಗಿದೆ. 38 ಸಾವಿರದಲ್ಲಿ ಉಳಿದದ್ದು 11 ಸಾವಿರ ಎಂದು ಅವನು ಲೆಕ್ಕ ಹೇಳಿದ. ಅವನ ಮುಖದಲ್ಲಿ ಬೇಸರ ಕಾಣಲಿಲ್ಲ. ರಾತ್ರಿಯಿಡೀ ಡ್ರೈವ್ ಮಾಡುವುದು ಅವನಿಗೂ ಮನಸ್ಸಿನೊಳಗೆ ಭಾರವೇ ಆಗಿತ್ತಂತೆ, ಹೇಳಲಿಕ್ಕೆ ಆಗಿರಲಿಲ್ಲವಂತೆ.

ಅವರ ಹಿಂದೆ ಜಗಲಿಯಲ್ಲಿ ಕಾರಿನಿಂದ ಬಿಚ್ಚಿ ತಂದ ಸೀಟು. ಅಭ್ಯಾಸ ಆಗಲಿ ಎಂದು ಪುಟ್ಟನನ್ನು ಬೆಲ್ಟ್ ಹಾಕಿ ಕೂರಿಸಿದ್ದರು. ಅಜ್ಜಿ ಕದಳಿ ಬಾಳೆಹಣ್ಣು ಸುಲಿದು ಒಂದೊಂದೇ ತುಂಡು ಕೊಡುತ್ತಿದ್ದರು, ಅವನು ಎರಡೂ ಕಾಲು ಬಡಿಯುತ್ತಾ ತಿನ್ನುತ್ತಿದ್ದ.