ಸತ್ತ ತಂತಿಯ ಸಪ್ಪಳ

ಗಿಟಾರಿನ ತಂತಿಗೂ ವಯಸ್ಸಾಗುತ್ತದೆ ಎಂದರೆ ನಮ್ಮವ್ವ ನಂಬುವುದಿಲ್ಲ. ಎತ್ತಿಗೆ ವಯಸ್ಸಾಗುವುದು ಆಕೆಗೆ ಗೊತ್ತು, ಅಂಗಳದ ಬೇವಿನ ಮರಕ್ಕೆ ಆಗುವುದು ಗೊತ್ತು. ತನಗೆ ಆಗಿದೆ ಎಂಬುದನ್ನು ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. ಅಂಥವಳ ಮುಂದೆ, ಹರಿಯದೆ ತುಕ್ಕು ಹಿಡಿಯದೆ ನೆಟ್ಟಗೆ ನಿಂತ ಆರು ತಂತಿಗಳನ್ನು ತೋರಿಸಿ "ಮಾಮಾ, ಇವು ಸತ್ತಾವ" ಎಂದು ನನ್ನ ಅಕ್ಕನ ಮಗ ಘೋಷಿಸಿದರೆ ಆಕೆ ಸುಮ್ಮನಿರುವುದುಂಟೇ?

"ಸತ್ತಿದ್ದರ ಹಿಂಗ ಸಪ್ಪಳ ಯಾಕ ಮಾಡ್ತಾವೋ? ಜೀವ ಇದ್ದಾಗ ಇನ್ನೆಷ್ಟು ಮಾಡ್ತಿದ್ದುವು!"

ಅಳಿಯನ ಹತ್ತಿರ ಇದಕ್ಕೆ ಉತ್ತರವಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗರ ಹತ್ತಿರ ಎಲ್ಲದಕ್ಕೂ ಉತ್ತರವಿರುತ್ತದೆ, ಸ್ವಲ್ಪ ಉದ್ದವಾಗಿರುತ್ತದೆ ಅಷ್ಟೇ. ಈ ಗಿಟಾರು ಕೂಡ ಅವನದೇ. ಹೊಸದೊಂದು ಕೊಂಡ ಮೇಲೆ ಹಳೆಯದನ್ನು ನಮ್ಮೂರು ದೇವಾಪುರಕ್ಕೆ ತಂದು ನನ್ನ ಕೊರಳಿಗೆ ಕಟ್ಟಿ ಹೋದ. ಹೈಸ್ಕೂಲ್ ಮಾಸ್ತರನಾದ ನಾನು ಐವತ್ತು ದಾಟಿದ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ಊರಿನಲ್ಲಿ ಕೆಲಕಾಲ ಚಹಾದಂಗಡಿಯ ಮಾತಿಗೆ ವಸ್ತುವಾಯಿತು.

ಹಾಗಂತ ನಮ್ಮದು ತಂತಿ ಕಾಣದ ಸೀಮೆಯೇನಲ್ಲ. ಸುರಪುರದ ಸುತ್ತಮುತ್ತ ಎಂದರೆ ತಿಂಥಣಿ ಮೌನೇಶ್ವರನ ನೆಲ, ಕೊಡೇಕಲ್ ಬಸವಣ್ಣನ ನೆಲ. ಇಲ್ಲಿ ತತ್ವಪದ ಹಾಡುವವರಿದ್ದಾರೆ, ಅವರ ಕೈಯಲ್ಲಿ ಏಕತಾರಿ ಇದೆ, ಪಕ್ಕದಲ್ಲಿ ದಮ್ಮಡಿ, ತಾಳ. ರಾತ್ರಿ ಭಜನೆಗೆ ಕೂತರೆ ಬೆಳಗಿನವರೆಗೂ ಒಂದೇ ತಂತಿ ಮಿಡಿಯುತ್ತಿರುತ್ತದೆ. ಒಂದು ತಂತಿಯಲ್ಲಿ ಇಡೀ ಬ್ರಹ್ಮಾಂಡ ಹಿಡಿಸುವಾಗ ಈ ಮಾಸ್ತರನಿಗೆ ಆರು ಯಾಕೆ ಎಂಬುದೇ ಊರಿನವರ ಮೂಲ ತಕರಾರು.

ಹೊಸ ತಂತಿ ಏರಿಸಿದ ದಿನದ ಸದ್ದನ್ನು ಹೇಗೆ ಹೇಳಲಿ? ಬೆರಳು ತಾಗುವ ಮೊದಲೇ ಝಣ್ಣೆನ್ನುತ್ತದೆ. ಪಡಸಾಲೆಯಲ್ಲಿ ಮೀಟಿದರೆ ಅಡುಗೆಮನೆಯ ಸ್ಟೀಲ್ ತಾಟು ಸಣ್ಣಗೆ ಓಗೊಡುತ್ತದೆ. ಅಳಿಯ ಕಣ್ಣು ಮುಚ್ಚಿ "ಆಹಾ" ಎನ್ನುತ್ತಾನೆ. ನನಗೆ ಮಾತ್ರ ಆ ಮೊದಲ ದಿನಗಳು ದೊಡ್ಡ ತಲೆನೋವು. ಹೊಸ ತಂತಿಗೆ ಗುಟ್ಟು ಎಂಬುದೇ ಇಲ್ಲ. ಬೆರಳು ಜಾರಿದ್ದನ್ನು, ಸ್ವರ ತಪ್ಪಿದ್ದನ್ನು, ಒಂದು ಮೆಟ್ಟಿನಿಂದ ಇನ್ನೊಂದಕ್ಕೆ ಕೈ ಎಳೆದಾಗಿನ ಕಿರುಗುಟ್ಟುವಿಕೆಯನ್ನು ಓಣಿಗೆಲ್ಲ ಸಾರಿಬಿಡುತ್ತದೆ. ಹಳೆಯ ತಂತಿ ಇದ್ದಾಗ "ಮಾಸ್ತರ್ರು ಏನೋ ಬಾರಸಾಕತ್ತಾರ" ಎನ್ನುತ್ತಿದ್ದ ನೆರೆಮನೆಯವರು ಹೊಸ ತಂತಿ ಬಂದ ದಿನ "ಮಾಸ್ತರ್ರು ತಪ್ಪ ಬಾರಸಾಕತ್ತಾರ" ಎಂದು ತಿದ್ದಿಕೊಳ್ಳುತ್ತಾರೆ.

ಅದು ಶ್ರುತಿಯಲ್ಲಾದರೂ ನಿಲ್ಲುತ್ತದೆಯೇ? ಅದೂ ಇಲ್ಲ. ಆರೂ ತಂತಿ ಸೇರಿ ಗಿಟಾರಿನ ಮೇಲೆ ಹಾಕುವ ಎಳೆತ ಸುಮಾರು 70 ಕಿಲೋ. ಇಷ್ಟು ಎಳೆತಕ್ಕೆ ಬಿರಡೆಗೆ ಸುತ್ತಿದ ಸುತ್ತುಗಳು ಬಿಗಿದು ಕೂರಬೇಕು, ಆ ಕಡೆ ಕುದುರೆಯೊಳಗೆ ತಂತಿಯ ತುದಿಯ ಗುಂಡು ತನ್ನ ಜಾಗ ಹಿಡಿಯಬೇಕು. ಅಲ್ಲಿಯವರೆಗೆ ರಾತ್ರಿ ಕೂಡಿಸಿಟ್ಟ ಶ್ರುತಿ ಬೆಳಿಗ್ಗೆ ಇಳಿದಿರುತ್ತದೆ. ಜೊತೆಗೆ ನಮ್ಮ ಏಪ್ರಿಲ್–ಮೇ ತಿಂಗಳ ಕೃಪೆ ಬೇರೆ. ಬಿಸಿಲಿಗೆ ಉಕ್ಕು ಹಿಗ್ಗಿ ಸ್ವರ ಇಳಿಯುತ್ತದೆ, ಫ್ಯಾನಿನ ಕೆಳಗೆ ಕೂತರೆ ತಣ್ಣಗಾಗಿ ಏರುತ್ತದೆ. ಕರೆಂಟು ಹೋಗಿ ಬಂದು ಮಾಡುವಾಗ ನಮ್ಮ ಮನೆಯ ಗಿಟಾರಿನಲ್ಲಿ ಏರುವುದು ಇಳಿಯುವುದು ರಾಗವಲ್ಲ, ವೋಲ್ಟೇಜು.

ಈ ಗದ್ದಲವೆಲ್ಲ ಮುಗಿದು ತಂತಿ ಹದಕ್ಕೆ ಬರುವ ಒಂದು ಕಾಲವುಂಟು. ಝಣಝಣ ಕಡಿಮೆಯಾಗಿ, ಸ್ವರಕ್ಕೆ ಮೈ ತುಂಬಿ, ಶ್ರುತಿ ನಿಂತು, ಇದು ಗಿಟಾರೇ ಹೌದು ಎನಿಸುವ ಕೆಲವು ವಾರ. ನನ್ನನ್ನು ಕೇಳಿದರೆ ತಂತಿಯ ಬೆಲೆ ಕೊಡುವುದು ಆ ವಾರಗಳಿಗಾಗಿ. ಅಳಿಯನ ಪ್ರಕಾರ ಅಷ್ಟೊತ್ತಿಗೆ ಅದರ ಅರ್ಧ ಜೀವ ಹೋಗಿರುತ್ತದೆ! ಆಮೇಲೆ ಶುರುವಾಗುವ ಇಳಿಗಾಲ ಎಷ್ಟು ನಿಧಾನವೆಂದರೆ, ದಿನಾ ಬಾರಿಸುವವನಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಹಬ್ಬಕ್ಕೆ ಊರಿಗೆ ಬರುವವನಿಗೆ.

ತಂತಿ ಮಂಕಾಗುವುದು ಯಾಕೆ ಎಂಬುದರ ವಿವರ ಮಜವಾಗಿದೆ. ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ 82 ಸಲ ಇಡಿಯಾಗಿ ತೂಗುತ್ತದೆ. ಅದೇ ಹೊತ್ತಿಗೆ ಎರಡು ಪಾಲಾಗಿ ಅದರ ಎರಡರಷ್ಟು, ಮೂರು ಪಾಲಾಗಿ ಮೂರರಷ್ಟು, ಹೀಗೆ ಹತ್ತಾರು ಪಾಲುಗಳಾಗಿಯೂ ನಡುಗುತ್ತಿರುತ್ತದೆ. ಈ ಮೇಲಿನ ಸಣ್ಣ ನಡುಕಗಳೇ ಹೊಸ ತಂತಿಯ ಹೊಳಪು. ಅವಕ್ಕೆ ತಂತಿ ಬಲು ಸಣ್ಣ ಸಣ್ಣ ಅಂತರದಲ್ಲಿ ಬಾಗಬೇಕು. ಗಿಟಾರಿನ ದಪ್ಪ ತಂತಿಗಳೋ ಒಂಟಿ ಎಳೆಯವಲ್ಲ. ಒಳಗೆ ಉಕ್ಕಿನ ಎಳೆ, ಅದರ ಮೇಲೆ ಒತ್ತೊತ್ತಾಗಿ ಕಂಚಿನ ಸುತ್ತು. ಆ ಸುತ್ತುಗಳ ಸಂದಿಯಲ್ಲಿ ಬೆರಳಿನ ಬೆವರು, ಜಿಡ್ಡು, ಸತ್ತ ಚರ್ಮದ ಪುಡಿ, ನಮ್ಮ ಕಡೆಯಾದರೆ ಕರಿಮಣ್ಣಿನ ಧೂಳು ಹೋಗಿ ಕೂರುತ್ತದೆ. ಆಗ ತಂತಿಗೆ ಇಡಿಯಾಗಿ ತೂಗುವುದು ಕಷ್ಟವಲ್ಲ, ಸಣ್ಣಗೆ ಬಾಗುವುದು ಕಷ್ಟ. ಸದ್ದು ಇರುತ್ತದೆ, ಮಿಂಚು ಇರುವುದಿಲ್ಲ. ಎಲ್ಲೆಡೆ ಒಂದೇ ಸಮ ಕೊಳೆ ಕೂರುವುದಿಲ್ಲವಾದ್ದರಿಂದ ತಂತಿಯ ತೂಕವೂ ಅಲ್ಲಲ್ಲಿ ಹೆಚ್ಚುಕಡಿಮೆಯಾಗಿ, ಬಿಡಿ ತಂತಿಯಲ್ಲಿ ಕೂಡಿದ ಶ್ರುತಿ ಹನ್ನೆರಡನೆಯ ಮೆಟ್ಟಿಗೆ ಹೋಗುವಷ್ಟರಲ್ಲಿ ಸೊಟ್ಟಗಾಗುತ್ತದೆ.

ಕಂಚು ಎಂದೆನಲ್ಲ, ಅದರ ಕಥೆಯೂ ಇದೆ. ಬಹಳ ಕಾಲ ಚಾಲ್ತಿಯಲ್ಲಿದ್ದ ಗಿಟಾರ್ ಕಂಚು 80 ಪಾಲು ತಾಮ್ರ, 20 ಪಾಲು ಸತು. ಅಂದರೆ ನಮ್ಮ ಭಾಷೆಯಲ್ಲಿ ನೇರ ಹಿತ್ತಾಳೆ. 1974ರಲ್ಲಿ ಡಿ'ಅಡ್ಡಾರಿಯೋ ಕಂಪನಿ ಫಾಸ್ಫರ್ ಬ್ರಾಂಜ್ ಎಂಬುದನ್ನು ತಂದಿತು: ತಾಮ್ರ, ತವರ, ಚೂರು ರಂಜಕ. ಇದರ ಹೊಳಪು ಮೊದಲಿಗೆ ತುಸು ಕಡಿಮೆ, ಆದರೆ ಬಾಳಿಕೆ ಜಾಸ್ತಿ. ಈ ವಿಷಯವನ್ನು ಒಂದು ಸಂಜೆ ಊಟದ ಹೊತ್ತಿಗೆ ಅವ್ವನ ಕಿವಿಗೆ ಹಾಕಿದ್ದೆ. ಆಕೆ ಹಿಡಿದುಕೊಂಡದ್ದು ಒಂದೇ ಶಬ್ದ: ತಾಮ್ರ.

ಮರುದಿನ ಶಾಲೆಯಿಂದ ಬಂದು ನೋಡುತ್ತೇನೆ, ಗಿಟಾರಿನ ದಪ್ಪ ತಂತಿಗಳು ಹಬ್ಬದ ದಿನದ ತಂಬಿಗೆಯಂತೆ ಫಳಫಳ ಹೊಳೆಯುತ್ತಿವೆ. ಹುಣಸೆಹಣ್ಣು, ಚೂರು ಉಪ್ಪು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ, ಒದ್ದೆ ಅರಿವೆಯಿಂದ ಒರೆಸಿ ನಿಲ್ಲಿಸಿದ್ದಾಳೆ. ಬಣ್ಣವೇನೋ ಅಂಗಡಿಯಿಂದ ಈಗ ತಂದಂತೆ. ಆಸೆಯಿಂದ ಮೀಟಿದೆ. "ಬದ್" ಎಂದಿತು. ಹುಣಸೆಯ ಹುಳಿ ತಾಮ್ರದ ಮೇಲಿನ ಕಿಲುಬನ್ನು ಕರಗಿಸಿತ್ತು, ನಿಜ. ಆದರೆ ಅದರ ತಿರುಳು ನಾರಿನ ಸಮೇತ ಸುತ್ತುಗಳ ಸಂದಿಯಲ್ಲಿ ಮೆತ್ತಗೆ ಇಳಿದು ಕೂತಿತ್ತು. ಹೊಳಪು ಕಣ್ಣಿಗೆ ಬಂದು ಕಿವಿಯಿಂದ ಪೂರ್ತಿ ಹೋಗಿತ್ತು. ಫೋನಿನಲ್ಲಿ ಅಳಿಯನಿಗೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಮಾಮಾ, ಬಿಚ್ಚಿ ನೀರಾಗ ಕುದಸ್ರಿ" ಅಂದ.

ಅವನು ಚಾಷ್ಟಿ ಮಾಡಿದ್ದಲ್ಲ. ತಂತಿ ಕುದಿಸುವುದು ಗಿಟಾರಿನವರ ಹಳೆಯ ಪದ್ಧತಿ. ದುಬಾರಿ ತಂತಿಯ ಬೇಸ್ ಗಿಟಾರಿನವರಲ್ಲಂತೂ ಇನ್ನೂ ಹೆಚ್ಚು. ಆರೂ ತಂತಿ ಬಿಚ್ಚಿ, ಸಿಂಬಿ ಸುತ್ತಿ, ಬೋಗುಣಿಯಲ್ಲಿ ಹಾಕಿ ಒಲೆಯ ಮೇಲಿಟ್ಟೆ. ನೀರು ಮೊದಲು ಮಂಕಾಯಿತು, ಆಮೇಲೆ ಕಂದಾಯಿತು, ಮೇಲೆ ಸಣ್ಣ ಜಿಡ್ಡಿನ ಪೊರೆ ತೇಲಿತು. ನನ್ನ ಬೆರಳುಗಳಲ್ಲಿ ಇಷ್ಟೊಂದು ಮಾಲು ಇತ್ತೆಂದು ನನಗೇ ಗೊತ್ತಿರಲಿಲ್ಲ. ಮೊಸರು ಕೇಳಲು ಬಂದ ಪಕ್ಕದ ಮನೆಯ ಅಕ್ಕ ಬಗ್ಗಿ ನೋಡಿ, "ಯವ್ವಾ, ಶಾವಿಗಿ ಇಷ್ಟು ಕೆಂಪಗ ಯಾಕ ಆಗ್ಯಾವ?" ಎಂದು ಅವ್ವನನ್ನು ಕೇಳಿದಳು. ಅವ್ವ ನನ್ನ ಕಡೆ ಕೈ ತೋರಿಸಿ ಒಳಗೆ ಹೋದಳು. ಆ ಬೋಗುಣಿ ಅಂದಿನಿಂದ ಅಡುಗೆಮನೆಯೊಳಗೆ ಬಂದಿಲ್ಲ.

ಒರೆಸಿ, ಬಿಸಿಲಲ್ಲಿ ಒಣಗಿಸಿ, ಮತ್ತೆ ಏರಿಸಿದೆ. ಸದ್ದು ನಿಜಕ್ಕೂ ಮರಳಿ ಬಂತು! ಆದರೆ ಕೆಲವೇ ದಿನಕ್ಕೆ. ಕುದಿಸಿದರೆ ಹೋಗುವುದು ಕೊಳೆ ಮಾತ್ರ. ಮೆಟ್ಟಿನ ಮೇಲೆ ಒತ್ತಿ ಒತ್ತಿ ತಂತಿಯ ಹೊಟ್ಟೆಯಲ್ಲಿ ಬಿದ್ದ ತಗ್ಗು, ಉಪ್ಪು ಬೆವರು ತಿಂದ ಲೋಹ ಹಾಗೆಯೇ ಇರುತ್ತವೆ. ಬಿರಡೆಗೆ ಒಮ್ಮೆ ಮಡಿಸಿ ಸುತ್ತಿದ ಜಾಗದಲ್ಲಿ ಮತ್ತೆ ಮಡಿಸಿದರೆ ಅಲ್ಲೇ ತುಂಡಾಗುವ ಭಯವೂ ಉಂಟು. ಸುತ್ತಿನ ತಂತಿಗಳಲ್ಲಿ ಒಳ ಎಳೆ ತೀರಾ ಸಣ್ಣದಿರುವುದು ಮೂರನೆಯದಕ್ಕೆ. ಅದು ಮೊದಲು ಹೋಯಿತು.

"ಕೋಟೆಡ್ ಹಾಕ್ರಿ ಮಾಮಾ" ಎಂಬುದು ಮುಂದಿನ ಸಲಹೆ. ರೇನ್‌ಕೋಟಿನ ಗೋರ್-ಟೆಕ್ಸ್ ಬಟ್ಟೆ ಮಾಡುವ ಗೋರ್ ಕಂಪನಿಯೇ 1990ರ ದಶಕದಲ್ಲಿ ಎಲಿಕ್ಸರ್ ಎಂಬ ತಂತಿ ತಂದಿತು. ಮೇಲೊಂದು ತೆಳು ಪೊರೆ, ಬೆವರು ಒಳಗಿಳಿಯುವುದಿಲ್ಲ. ಬೆಲೆ ಮಾಮೂಲಿ ಸೆಟ್ಟಿನ ದುಪ್ಪಟ್ಟು. ತಂತಿಗೆ ರೇನ್‌ಕೋಟ್ ತೊಡಿಸುವಷ್ಟು ಮಳೆ ಯಾದಗಿರಿ ಜಿಲ್ಲೆಯಲ್ಲಿ ಎಲ್ಲಿದೆ ಎಂದು ನಾನು ಕೇಳಿದೆ. ಅಲ್ಲದೆ ನನ್ನ ಬೆನ್ನಿಗೆ ದೊಡ್ಡವರೊಬ್ಬರಿದ್ದರು. ಅಮೆರಿಕದ ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತುಂಡಾಗುವವರೆಗೂ ತಂತಿ ಬದಲಿಸುತ್ತಿರಲಿಲ್ಲ ಎಂಬುದು ಪ್ರಸಿದ್ಧ ಸಂಗತಿ. "ಅದು ಬೇಸ್ ಮಾಮಾ. ಅದೂ ಅಲ್ದ, ಅವರು ಜೇಮರ್ಸನ್" ಎಂದ. ಎರಡನೆಯ ವಾಕ್ಯ ಬೇಕಿರಲಿಲ್ಲ.

ಕೊನೆಗೆ ನನ್ನ ಬತ್ತಳಿಕೆಯಲ್ಲಿದ್ದ ಅಸ್ತ್ರವನ್ನು ತೆಗೆದೆ. ವಯಸ್ಸಾದಂತೆ ಕಿವಿಯೂ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನೇ. ಒಳಗಿವಿಯ ಶಂಖದ ಬಾಯಿಗೆ ಹತ್ತಿರವಿರುವ ಕೋಶಗಳು ಅತಿ ಮೇಲಿನ ಸದ್ದು ಹಿಡಿಯುವಂಥವು, ಸವೆಯುವುದೂ ಅವೇ ಮೊದಲು. ಹಾಗಿರುವಾಗ ತಂತಿ ಕಳೆದುಕೊಂಡದ್ದನ್ನು ನನ್ನ ಕಿವಿ ಮೊದಲೇ ಕಳೆದುಕೊಂಡಿದ್ದರೆ, ಹೊಸ ಸೆಟ್ಟಿಗೆ ರೊಕ್ಕ ಸುರಿಯುವುದು ಯಾರ ಸುಖಕ್ಕೆ? ಅಳಿಯ ವಾದ ಮಾಡಲಿಲ್ಲ. ದಸರೆಗೆ ಬಂದವನು ಮೊಬೈಲ್ ತೆಗೆದು ಕಟ್ಟೆಯ ಮೇಲಿಟ್ಟು ಏನೋ ಒತ್ತಿದ. "14 ಸಾವಿರ ಹರ್ಟ್ಸ್" ಎಂದು ತಾನೇ ಮುಖ ಕಿವುಚಿಕೊಂಡ. ಅಂಗಳದಲ್ಲಿ ಮಲಗಿದ್ದ ನಾಯಿ ತಟ್ಟನೆ ಕಿವಿ ನಿಮಿರಿಸಿತು. ನಾನೂ ಅವ್ವನೂ ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದೆವು.

ಗೆದ್ದೆ ಅಂದುಕೊಂಡೆ. ಅವನು ಮೊಬೈಲಿನ ಸ್ವರವನ್ನು 4 ಸಾವಿರಕ್ಕೆ ಇಳಿಸಿದ. ಕಿವಿಗೆ ಸೂಜಿ ಚುಚ್ಚಿದಂತಾಗಿ ನನ್ನ ಕೈಯ ಚಹಾ ತುಳುಕಿತು. "ಗಿಟಾರಿನ ಮಿಂಚು ಹೆಚ್ಚಾಗಿ ಇರೋದು ಇಲ್ಲೇ ಸುತ್ತಮುತ್ತ ಮಾಮಾ. ನಿಮಗ ಚೊಲೋ ಕೇಳಸ್ತದ" ಎಂದು ನಗುತ್ತಾ ಚೀಲದಿಂದ ಹೊಸ ಸೆಟ್ ತೆಗೆದ. ಅಲ್ಲಿಗೆ ನನ್ನ ಕಿವಿಯ ಸಬೂಬು ಮುಗಿಯಿತು.

ಕಳಚಿದ ತಂತಿಗಳನ್ನು ಕಟ್ಟೆಯ ಮೂಲೆಗೆ ಎಸೆದಿದ್ದೆವು. ಅವು ಕಣ್ಣಿಗೆ ಬಿದ್ದದ್ದು ಭಜನೆಯ ಮುತ್ಯಾನಿಗೆ. ಎಂಬತ್ತರ ಆಸುಪಾಸಿನ ಮನುಷ್ಯ, ಏಕತಾರಿ ಹಿಡಿದರೆ ಕೆಳಗಿಡುವವನಲ್ಲ. ಕೂತುಕೊಂಡು ಒಂದೊಂದೇ ತಂತಿಯನ್ನು ಹೆಬ್ಬೆರಳಿನ ಉಗುರಿನಿಂದ ಸವರಿ ನೋಡಿದ. ಸುತ್ತಿನವನ್ನೆಲ್ಲ ಪಕ್ಕಕ್ಕೆ ಸರಿಸಿ, "ಇವು ಹೋಗ್ಯಾವ" ಎಂದ. ಬರಿಯ ಉಕ್ಕಿನ ಎರಡರಲ್ಲಿ ತೀರಾ ಸಣ್ಣದನ್ನು ಎತ್ತಿ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಕೈಯಲ್ಲೆಳೆದು ಮಿಡಿದ. "ಇದಕ್ಕೇನಾಗ್ಯದ?"

ಅಳಿಯ ನನ್ನ ಮುಖ ನೋಡಿದ. ಯಾಕೆಂದರೆ ಮುತ್ಯಾ ಹೇಳಿದ್ದು ಅಕ್ಷರಶಃ ಸರಿ. ಮಂಕಾಗುವ ರೋಗವೆಲ್ಲ ಸುತ್ತಿನ ತಂತಿಗಳದು. ಬರಿ ಉಕ್ಕಿನ ಎಳೆಗೆ ಕೊಳೆ ಕೂರಲು ಸಂದಿಯೇ ಇಲ್ಲ, ತುಕ್ಕು ಹಿಡಿಯದಿದ್ದರೆ ಅದರ ಸ್ವರ ಬಹಳ ಕಾಲ ನಿಲ್ಲುತ್ತದೆ. ಮೆಟ್ಟಿನ ಮೇಲೆ ಒತ್ತಿ ಬಿದ್ದ ತಗ್ಗುಗಳು ಗಿಟಾರಿನಲ್ಲಿ ಕಿರುಗುಡಬಹುದು. ಏಕತಾರಿಯಲ್ಲಿ ಮೆಟ್ಟೇ ಇಲ್ಲವಲ್ಲ, ಬಿಡಿ ತಂತಿಯನ್ನು ಮೀಟುವುದಷ್ಟೇ. ದಪ್ಪವೂ ಸರಿಹೋಗುತ್ತದೆ: ಗಿಟಾರಿನ ಸಣ್ಣ ತಂತಿ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು, ಮೀರಜದ ತಂಬೂರಿಗೆ ಹಾಕುವ ಉಕ್ಕಿನ ತಂತಿಯೂ ಹೆಚ್ಚುಕಡಿಮೆ ಅಷ್ಟೇ. ಮುತ್ಯಾನಿಗೆ ಎಲ್ಲಕ್ಕಿಂತ ಹಿಡಿಸಿದ್ದು ತುದಿಯ ಹಿತ್ತಾಳೆ ಗುಂಡು. ಗಂಟು ಹಾಕುವ ರಗಳೆ ಇಲ್ಲ, ತೂತಿನಲ್ಲಿ ತೂರಿಸಿ ಎಳೆದರೆ ಗುಂಡು ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. "ಭಾರಿ ಶಾಣ್ಯಾ ಇದ್ದಾನ ಇದನ್ನ ಮಾಡಿದಾಂವ" ಎಂದು ಮೂರು ಸಲ ಹೇಳಿದ.

ವಾದ್ಯದ ಮಾತು ಬಂದದ್ದಕ್ಕೆ ನೆನಪಾಯಿತು: 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ಸ್ವದೇಶಕ್ಕೆ ಮರಳಿದ ಮೇಲೆ, 1860ರ ದಶಕದಲ್ಲಿ, ಡಬ್ಲಿನ್ನಿನ ರಾಯಲ್ ಐರಿಶ್ ಅಕಾಡೆಮಿಗಾಗಿ ಭಾರತದ ವಾದ್ಯಗಳ ಪಟ್ಟಿಯೊಂದನ್ನು ಬರೆದ. ಗುಡ್ಡದ ಮೇಲಿನ ತನ್ನ ಬಂಗಲೆಗೆ, ಈಗಿನ ಟೇಲರ್ ಮಂಜಿಲ್‌ಗೆ, ಆತ ಇವತ್ತು ವಾಪಸು ಬಂದರೆ ಆ ಪಟ್ಟಿಗೆ ಮುತ್ಯಾನ ಈ ಏಕತಾರಿಯನ್ನೂ ಸೇರಿಸಬೇಕಾದೀತು: ಸೋರೆಬುರುಡೆ, ಬಿದಿರು, ಅಮೆರಿಕದ ತಂತಿ.

ಆ ರಾತ್ರಿ ಭಜನೆಯಲ್ಲಿ ಅಳಿಯ ಹೋಗಿ ಮುಂದೆಯೇ ಕೂತ. ತಾನು ಸತ್ತಿದೆ ಎಂದು ಕಿತ್ತೆಸೆದ ತಂತಿ ಬೆಳಗಿನ ಜಾವದವರೆಗೂ ಹಾಡಿನ ಕೆಳಗೆ ಒಂದೇ ಸಮ ಮಿಡಿಯುವುದನ್ನು ಕೇಳಿ ಬಂದು, ಏನೂ ಮಾತಾಡದೆ ಮಲಗಿದ. ಅವ್ವ ಮಾತ್ರ ಬಿಡಲಿಲ್ಲ: "ನಾ ಅವತ್ತs ಹೇಳಿದ್ದಿಲ್ಲೇನು?"

ಈಗ ನನ್ನ ಹಳೆಯ ತಂತಿಗಳಿಗೆ ಊರಿನಲ್ಲಿ ಪಾಳಿ ಹತ್ತಿದೆ. ಸಣ್ಣದು ಮುತ್ಯಾನಿಗೆ, ಅದರ ಪಕ್ಕದ್ದು ಭಜನೆಯ ಇನ್ನೊಬ್ಬರಿಗೆ ಮುಂಗಡ ಬುಕ್ಕಾಗಿದೆ. ಸುತ್ತಿನ ನಾಲ್ಕನ್ನು ಅವ್ವ ಹಿತ್ತಿಲಿನ ಹೀರೆಬಳ್ಳಿ ಹಬ್ಬಿಸಲು ಕಟ್ಟಿದ್ದಾಳೆ. ಮೊನ್ನೆ ಮುತ್ಯಾ ಓಣಿಯಲ್ಲಿ ಎದುರಾದವನು ಕೋಲು ಊರಿ ನಿಂತು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ: "ಮಾಸ್ತರ್ರ, ನಂದು ತುಂಡಾಗ್ಯದ. ದಿನಾ ಒಂದೊಂದ್ ತಾಸು ಜಾಸ್ತಿ ಬಾರಸ್ರಲ್ಲ, ಲಗೂನ ಹಳೇದಾಗ್ಲಿ."