ವಿಹಾರಕಾಲಾಂಶಸ್ವಾಮ್ಯ ಮೀಮಾಂಸೆ

ವಿಹಾರಕಾಲಾಂಶಸ್ವಾಮ್ಯವು ಪ್ರಾಪ್ತಿಮಾರ್ಗಭೇದದಿಂದ ದ್ವಿವಿಧ: ನಿರ್ಮಾತೃಹಸ್ತಪ್ರಾಪ್ತ ಮತ್ತು ಭುಕ್ತಪೂರ್ವ. ಕನ್ನಡದಲ್ಲಿ ಹೇಳುವುದಾದರೆ, ಟೈಮ್‌ಶೇರನ್ನು, ಅಂದರೆ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ತಂಗುವ ಹಕ್ಕನ್ನು, ಕಂಪನಿಯಿಂದ ಕೊಳ್ಳಬಹುದು, ಇಲ್ಲವೇ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಆದರೆ ಕನ್ನಡದಲ್ಲಿ ಹೇಳಿಬಿಟ್ಟರೆ ಅದು ಪ್ರಬಂಧವಾಗುವುದಿಲ್ಲ, ಮಾಲೂ ಖರ್ಚಾಗುವುದಿಲ್ಲ.

ಅಧ್ಯಯನಕ್ಷೇತ್ರ ಫ್ಲೋರಿಡಾದ ಒರ್ಲ್ಯಾಂಡೊ. ಡಿಸ್ನಿ ನೋಡಲು ಬಂದವರಿಗೆ ಅಗ್ಗದ ಟಿಕೆಟ್, ಪುಕ್ಕಟೆ ತಿಂಡಿಯ ಆಸೆ ತೋರಿಸಿ ‘90 ನಿಮಿಷದ ಪ್ರೆಸೆಂಟೇಶನ್’ಗೆ ಕೂರಿಸುವುದು ಅಲ್ಲಿನ ಹಳೆಯ ಸಂಪ್ರದಾಯ. 90 ನಿಮಿಷ ಎಂಬುದರ ವಾಚ್ಯಾರ್ಥ ಒಂದೂವರೆ ಗಂಟೆ. ಲಕ್ಷ್ಯಾರ್ಥ ನಾಲ್ಕು ಗಂಟೆ. ವ್ಯಂಗ್ಯಾರ್ಥ, ಸಹಿ ಬೀಳುವ ತನಕ.

ಉದಾಹರಣಾರ್ಥವಾಗಿ, ದಾವಣಗೆರೆಯಿಂದ ಮಗನ ಮನೆಗೆ ಬಂದ ನಿವೃತ್ತ ಗಣಿತದ ಮೇಷ್ಟ್ರೊಬ್ಬರನ್ನು ಕಲ್ಪಿಸಿ ಆ ಮೇಜಿನ ಮುಂದೆ ಕೂರಿಸೋಣ. ವಾರಕ್ಕೆ 20,000 ಡಾಲರ್ ಎಂದದ್ದೇ ತಡ, ಬಣ್ಣದ ಕರಪತ್ರ ಮಗುಚಿ ಅದರ ಬೆನ್ನ ಮೇಲೆ ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 52 ವಾರ. ರಿಪೇರಿಗೆಂದು ಒಂದು ಬಿಟ್ಟರೆ 51. “ಎರಡು ರೂಮಿಗೆ ಹತ್ತು ಲಕ್ಷದ ಇಪ್ಪತ್ತು ಸಾವಿರ ಡಾಲರ್ ಆಯ್ತಲ್ಲೋ!”

“ಅಪ್ಪಾಜಿ, ಸ್ವಲ್ಪ ಸುಮ್ನಿರಿ.”

ಸುಮ್ಮನಿರಬೇಕಾದದ್ದೇ. ಆ ಬೆಲೆಯ ದೊಡ್ಡ ಪಾಲು ಗೋಡೆಗಲ್ಲ, ಹಾಸಿಗೆಗಲ್ಲ. ಅಗ್ಗದ ಟಿಕೆಟ್ಟಿಗೆ, ಪುಕ್ಕಟೆ ತಿಂಡಿಗೆ, ಎದುರು ಕೂತವನ ಕಮಿಷನ್ನಿಗೆ. ಕೊಂಡವನು ನಾಳೆ ಮಾರಹೊರಟರೆ ಆ ಪಾಲನ್ನು ಯಾರೂ ಕೊಡುವುದಿಲ್ಲ. ಇಬೇಯಲ್ಲಿ ಇಂಥ ವಾರಗಳು ಒಂದು ಡಾಲರಿಗೂ ಸಿಗುವುದು ಹೀಗೆ. ಒಂದು ಡಾಲರಿಗೆ ಏಕೆ ಬಿಡುತ್ತಾರೆಂದರೆ, ಹೋದರೂ ಹೋಗದಿದ್ದರೂ ವರ್ಷ ವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕು. ಸಾವಿರ ಡಾಲರ್ ದಾಟುವುದು ಸಾಮಾನ್ಯ, ವರ್ಷದಿಂದ ವರ್ಷಕ್ಕೆ ಏರುವುದೂ ಸಾಮಾನ್ಯ. ಮಾರುವವನು ಮಾರುತ್ತಿರುವುದು ವಾರವನ್ನಲ್ಲ, ಬಿಲ್ಲನ್ನು. ಇಪ್ಪತ್ತು ಸಾವಿರ ಕೊಟ್ಟವನಿಗೂ ಒಂದು ಡಾಲರ್ ಕೊಟ್ಟವನಿಗೂ ಬಿಲ್ಲು ಒಂದೇ. ಸೋಫಾಕ್ಕೂ ವ್ಯತ್ಯಾಸ ತಿಳಿಯದು.

ಸೋಫಾಕ್ಕೆ ತಿಳಿಯದಿದ್ದರೇನು, ಕಂಪನಿಗೆ ತಿಳಿಯುತ್ತದೆ. ಇಲ್ಲಿಂದ ಪಂಕ್ತಿಭೇದಪ್ರಕರಣ. 1991ರಲ್ಲಿ ಶುರುವಾದ ಡಿಸ್ನಿ ವೆಕೇಶನ್ ಕ್ಲಬ್ಬು ವಾರದ ಬದಲು ಕೊಡುವ ಪಾಯಿಂಟುಗಳು ಸೆಕೆಂಡ್ ಹ್ಯಾಂಡಿನಲ್ಲೂ ಒಳ್ಳೆ ಬೆಲೆ ತರುತ್ತವೆ; ಈ ಶಾಸ್ತ್ರದಲ್ಲಿ ಅದೊಂದು ಅಪವಾದ. ಆದರೆ 2019ರ ಜನವರಿ 19ರಿಂದ ಈಚೆಗೆ ಹಳೆಯ ರೆಸಾರ್ಟುಗಳ ಪಾಯಿಂಟನ್ನು ಬೇರೆಯವರಿಂದ ಕೊಂಡವರಿಗೆ ರಿವಿಯೆರಾದಂಥ ಹೊಸ ರೆಸಾರ್ಟಿನಲ್ಲಿ ಎಲೆ ಹಾಕುವುದಿಲ್ಲ. ರಿವಿಯೆರಾದ್ದನ್ನೇ ಹಾಗೆ ಕೊಂಡವರಿಗೆ ರಿವಿಯೆರಾ ಬಿಟ್ಟು ಬೇರೆಲ್ಲೂ ಇಲ್ಲ. ಬೆಲೆ ತೀರಾ ಅಗ್ಗವಾಯಿತೋ, ಅದೇ ಬೆಲೆಗೆ ತಾನೇ ಕೊಳ್ಳುವ ಮೊದಲ ಹಕ್ಕೂ ಕಂಪನಿಯದ್ದೇ. ಊಟ ಒಂದೇ, ಅಡುಗೆಭಟ್ಟ ಒಬ್ಬನೇ, ಪಂಕ್ತಿ ಮಾತ್ರ ಬೇರೆ.

ಇನ್ನು ಕೊಳ್ಳುವವರು ಅಷ್ಟನಾಯಿಕೆಯರಂತೆ ಎಂಟು ಬಗೆ. ವಾಸಕಸಜ್ಜಿಕೆ ಸೂಟ್‌ಕೇಸ್ ಕಟ್ಟಿಕೊಂಡು ಕಾಯುತ್ತಾಳೆ. ಮಕ್ಕಳ ರಜೆಗೆ ಮಾತ್ರ ಬುಕಿಂಗ್ ಸಿಗುವುದಿಲ್ಲ. ವಿಪ್ರಲಬ್ಧೆ ಮೋಸಹೋದವಳು. ಉಳಿದ ಆರು ಬಗೆ ಬೇಡ. ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಎರಡನೆಯದರಲ್ಲೇ.

ಅಲ್ಲಿಗೂ ಬಿಡುವುದಿಲ್ಲ. “ನಿಮ್ಮ ಟೈಮ್‌ಶೇರಿಗೆ ಗಿರಾಕಿ ಸಿಕ್ಕಿದ್ದಾರೆ, ಮೊದಲು ಶುಲ್ಕ ಕಟ್ಟಿ” ಎಂದು ಫೋನು ಬರುತ್ತದೆ. ಗಿರಾಕಿ ಇರುವುದಿಲ್ಲ. 2019ರಿಂದ 2023ರವರೆಗೆ ಮೆಕ್ಸಿಕೊದ ಟೈಮ್‌ಶೇರ್ ವಂಚನೆಗಳಲ್ಲಿ ಸುಮಾರು 6,000 ಅಮೆರಿಕನ್ನರು 30 ಕೋಟಿ ಡಾಲರಿನ ಹತ್ತಿರ ಕಳೆದುಕೊಂಡೆವೆಂದು ಎಫ್‌ಬಿಐಗೆ ದೂರಿತ್ತರು. ಫೋನಿನ ಹಿಂದೆ ಮಾದಕವಸ್ತು ಸಾಗಿಸುವ ಹಲಿಸ್ಕೊ ಕಾರ್ಟೆಲ್ ಕೂಡ ಇದೆಯೆಂದು 2024ರ ಜುಲೈಯಲ್ಲಿ ಅಮೆರಿಕದ ಖಜಾನೆ ಇಲಾಖೆ ಎಚ್ಚರಿಸಿತು. ಗುರಿ ಹೆಚ್ಚಾಗಿ ವಯಸ್ಸಾದವರು. ಮೊಮ್ಮಕ್ಕಳೊಂದಿಗೆ ಸಮುದ್ರ ನೋಡೋಣವೆಂದು ಉಳಿಸಿದ್ದ ದುಡ್ಡನ್ನು ಮೊದಲು ಒಬ್ಬ ನಗುತ್ತಾ ತೆಗೆದುಕೊಂಡ. ಆ ಹೊರೆ ಇಳಿಸುತ್ತೇನೆಂದು ಬಂದ ಇನ್ನೊಬ್ಬ ಉಳಿದದ್ದನ್ನೂ ಬಳಿದುಕೊಂಡ. ಇದಕ್ಕೆ ಸಂಸ್ಕೃತ ಪದ ಹುಡುಕುವ ಮನಸ್ಸು ಪ್ರಬಂಧಕಾರನಿಗಿಲ್ಲ.

ಕಂಪನಿಯಿಂದ ಕೊಂಡವನಿಗೆ ಫ್ಲೋರಿಡಾದ ಕಾನೂನು 10 ದಿನ ಕೊಟ್ಟಿದೆ. ಅಷ್ಟರೊಳಗೆ ಬರೆದು ತಿಳಿಸಿದರೆ ಕರಾರು ರದ್ದು, ಹಣ ವಾಪಸು. ಈ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡರೂ ಅದಕ್ಕೆ ಬೆಲೆಯಿಲ್ಲ. ಕರಾರಿನಲ್ಲೇ ಅದು ಅಚ್ಚಾಗಿದೆ. ಸಹಿ ಹಾಕಿಸಿದವನು ಅದನ್ನು ಓದಿ ಹೇಳುವುದು ಅಪರೂಪ.

ಕಲ್ಪಿತ ಮೇಷ್ಟ್ರು ಮನೆಗೆ ಬಂದವರೇ ಕನ್ನಡಕ ಏರಿಸಿ ಕರಾರಿನ ದಪ್ಪ ಫೈಲು ಬಿಚ್ಚಿದರು. ನಿದ್ದೆ ಬಾರದ ರಾತ್ರಿಗಳಲ್ಲಿ ದಿನಕ್ಕಿಷ್ಟು ಪುಟದಂತೆ ಓದುತ್ತಾ ಆ ಸಾಲಿಗೆ ಬಂದಾಗ ಪೆನ್ಸಿಲಿನಲ್ಲಿ ಗೆರೆ ಎಳೆದು ಮಗನನ್ನು ಕೂಗಿದರು.

“ಸಹಿ ಹಾಕಿ ಇವತ್ತಿಗೆ ಎಷ್ಟು ದಿನ ಆಯ್ತೋ?”

ಮಗ ಬೆರಳು ಮಡಚಿ ಎಣಿಸತೊಡಗಿದ.